ನದಿಯ ಹೆಸರು

ಅನಾರ್ಕುಲ್ ಟೀಚರು ಪ್ರಶ್ನೆ ಕೇಳಿ
ಕಿಟಕಿಯಾಚೆ ನೋಡುತ್ತ ನಿಲ್ಲುತ್ತಿದ್ದರು,
ಬಸ್ಸಿಗೆ ಕಾಯುವವರ ಹಾಗೆ, ಆದರೆ ಗಡಿಯಾರ ನೋಡದೆ.
ಎಸೆನ್‌ನ ನಾಲಗೆ
‘ನ’ದಲ್ಲಿ ಕಾಲು ಹೂತ ಕುದುರೆ.
ನ... ನ...
ಒಲೆಯ ಕಲ್ಲಿದ್ದಲು ಒಮ್ಮೆ ಮಗ್ಗುಲಾಗುವಷ್ಟು ಹೊತ್ತು
ಇಪ್ಪತ್ತಾರು ಮಂದಿ ನಾವು, ಕೆಮ್ಮೂ ತಡೆದುಕೊಂಡು.
ನರಿನ್!
ಊರ ಮುಂದಿನ ನದಿ ಆಗಷ್ಟೇ ಹರಿಯತೊಡಗಿದಂತೆ.

ಜನವರಿಯಲ್ಲಿ ಅವರು ಆಪರೇಷನ್ನಿಗೆಂದು ಬಿಷ್ಕೆಕ್‌ಗೆ ಹೋದರು.
ಬದಲಿಗೆ ಬಂದವರು ಕೆಟ್ಟವರೇನಲ್ಲ,
ಮೊದಲ ದಿನವೇ ಮಿಠಾಯಿ ಹಂಚಿದರು.
ಅವಸರ, ಅಷ್ಟೇ.
‘ನ’ ಎಂದರೆ ಸಾಕು,
“ನರಿನ್. ಸರಿ, ಕೂತುಕೋ.”
ಪಾಪ, ಸಹಾಯವೆಂದೇ ತಿಳಿದಿದ್ದರು.

ವಾರ ಕಳೆಯುವುದರೊಳಗೆ
ಅವನ ಮಾತನ್ನೆಲ್ಲ ನಾವೇ ಮುಗಿಸುತ್ತಿದ್ದೆವು,
ಅಂಗಳದಲ್ಲಿ, ಊಟದ ಸಾಲಿನಲ್ಲಿ,
ಅವನು ಚೆಂಡು ಕೇಳುವ ಮೊದಲೇ ಚೆಂಡು ಎಸೆದು.
ಮೊತ್ತಮೊದಲು ಮುಗಿಸಿದವಳು ನಾನು.

ಮೇ ತಿಂಗಳು. ಒಲೆ ಆರಿತ್ತು.
ತೆಳ್ಳಗಾಗಿ ಹಿಂದಿರುಗಿದ ಅನಾರ್ಕುಲ್ ಟೀಚರು
ಅದೇ ಪ್ರಶ್ನೆ ಕೇಳಿದರು.
ಎಸೆನ್ ನಮ್ಮತ್ತ ನೋಡಿದ,
ಯಾರು ಹೇಳುತ್ತೀರಿ ಎಂಬಂತೆ.
ನನ್ನ ತುಟಿ ಆಗಲೇ ತೆರೆದಿತ್ತು.

ಅವರು ಕಿಟಕಿಯ ಕಡೆ ತಿರುಗಿದರು.
ಗಂಟೆ ಹೊಡೆಯಿತು.
ಯಾರೂ ಏಳಲಿಲ್ಲ.