ಎಲುವಿನ ಉದ್ರಿ

ನವನಗರದ ದವಾಖಾನಿ, ಮೂರನೇ ಅಂತಸ್ತು.
ಡಾಕ್ಟರಬಾಯಿ ಕಿವಿ ಮುಂದ, ಗಲ್ಲದ ಮ್ಯಾಲೆ
ಬೆರಳಿಂದ ಟಕ್ಕಂತ ಬಡದಳು.
ನಾ ನಗಲಿಲ್ಲ. ತುಟಿ ನಕ್ಕಿತು.
‘ಸುಣ್ಣ ಇಳದೈತಿ’ ಅಂದಳು, ರಿಪೋರ್ಟ್ ನೋಡದಽ.

ಸುಣ್ಣ!
ನಾನು ದ್ಯಾಮವ್ವ ಸುಣಗಾರ.
ನಮ್ಮಜ್ಜನ ಭಟ್ಟಿ ಸುಣ್ಣದಾಗ
ಹಳೇ ಬಾಗಲಕೋಟಿಯ ನಾಕು ಓಣಿ ಬೆಳ್ಳಗಿದ್ದವು,
ಮುಳುಗಡಿ ನೀರು ಬಂದು ಗ್ವಾಡಿ ನೆಕ್ಕೂ ತನಕ.

ಕೊಳ್ಳಾಗ ನಾಕು ಕಾಳು ಅದಾವಂತ,
ತೊಗರಿಬ್ಯಾಳಿಯಷ್ಟಷ್ಟಽ.
ರಕ್ತದಾಗ ಸುಣ್ಣ ಎಷ್ಟೈತಂತ
ಹಗಲೂ ರಾತ್ರಿ ರುಚಿ ನೋಡೂದು ಅವುಗಳ ಕೆಲಸ.
ಕಮ್ಮಿ ಬಿದ್ದರ ಎಲುವಿನ ಬಾಗಲಾ ಬಡದು
ಉದ್ರಿ ತರತಾವ.
ಮೂತ್ರಪಿಂಡಕ್ಕ ಹೇಳಿ ಕಳಸತಾವ:
ಸುಣ್ಣ ಹಿಡಿ, ರಂಜಕ ಬಿಡು.
ಒಂದು ಕಣ್ಣಿಗೆ ಬೆಣ್ಣಿ, ಒಂದು ಕಣ್ಣಿಗೆ ಸುಣ್ಣ ಅಂತಾರಲ್ಲ,
ಇಲ್ಲಿ ಸುಣ್ಣಾನಽ ಬೆಣ್ಣಿ.

ನಾಕರಾಗ ಒಂದು ಕೆಟ್ಟಿತು.
ಬಾರಿಹಣ್ಣಿನಂಗ ಉಬ್ಬಿ ಕುಂತು
ಸಾಕು ಅನ್ನೂದು ಮರೀತು.
ಎಂಟು ವರ್ಷ ಎಲುವು ತಿಕ್ಕಿ ತಿಕ್ಕಿ ತಂತು.
ಎರಡು ಸಲ ಮೂತ್ರದಾಗ ಹರಳು.
ಕೊಡ ಎತ್ತಿದ ದಿನ ಪಕ್ಕಡಿ ಎಲುವು ಲಟಕ್.
‘ವಾಯು’ ಅಂದ ಕಂಪೌಂಡರ.
‘ವಯಸ್ಸು’ ಅಂದ ನನ್ನ ಗಂಡ. ನನಗಾಗ ನಲವತ್ತೊಂದು.

ಮೊನ್ನಿ ಮಂಗಳವಾರ ಕೊಯ್ದು ತಗದರು.
ಬಾಟ್ಲ್ಯಾಗ ತೋರಸಿದರು. ಇಷ್ಟಽ.
ಉಳದ ಮೂರೂ ಕೆಲಸಿಲ್ಲದ ಮಲಗಿದ್ದವು,
ಇನ್ನೂ ಕಣ್ಣುಜ್ಜಾಕ ಹತ್ಯಾವ.

ಎಲುವು ಕಾದಿದ್ದವು.
ರಾತ್ರೋರಾತ್ರಿ ಬಂದವು, ಎಂಟು ವರ್ಷದ ಬಾಕಿ ಕೇಳಾಕ.
ರಕ್ತದಾಗಿನ ಸುಣ್ಣ ಎಳಕೊಂಡವು, ರಂಜಕಾನೂ ಕಸಗೊಂಡವು.
ಬೆರಳ ತುದಿಗೆ ಇರುವಿ ಹರದಂಗ.
ಬಿ.ಪಿ. ಪಟ್ಟಿ ಬಿಗದರ ಕೈ ತಾನಽ ಮುದುಡಿ,
ಬೆರಳು ಕೂಡಿ, ಹೆಬ್ಬಟ್ಟು ಒಳಗ…
ಇದು ಸೂಲಗಿತ್ತಿ ಕೈ.
ನಮ್ಮವ್ವ ಹಿಂಗಽ ಹಿಡೀತಿದ್ದಳು,
ಎಣ್ಣಿ ಹಚ್ಚಿ, ಕೂಸಿನ ತಲಿ ಹುಡುಕೂವಾಗ.
ನಾ ಏನು ಹುಡುಕಲಿ?

ಸಲಾಯಿನದಾಗ ಸುಣ್ಣ ಇಳೀತೈತಿ,
ಸಾವಕಾಶ, ಎದಿ ಬಡತ ಎಣಿಸಿಕೊಂತ.
ಬಿಸಲಿಗೂ ಕುಂಡ್ರಬೇಕಂತ, ಕರುಳಿಗೆ ಸುಣ್ಣ ಹೀರಾಕ
ಬಿಸಲಿನ ಚೀಟಿ ಬೇಕಂತ.
ನನಗೇನು, ಬಾಗಲಕೋಟ್ಯಾಕಿಗೆ!

ಗುಳಿಗಿ ದಿನಕ್ಕ ಹನ್ನೆರಡು.
ಕಡಿದರ ಬಾಯಿ ತುಂಬ ಗ್ವಾಡಿ ರುಚಿ.
ಶಿವನವ್ವ ಹೊಟ್ಟ್ಯಾಗಿದ್ದಾಗ, ಅತ್ತಿ ನೋಡದಂಗ
ಅಡಗಿಮನಿ ಮೂಲಿ ನೆಕ್ಕಿದ್ದೆ,
ಅದಽ ರುಚಿ.
ನಗು ಬಂತು.
ಯಾರೂ ಗಲ್ಲ ಬಡದಿರಲಿಲ್ಲ.