ಎಪ್ಪತ್ತು ಕೆರೆಯ ನೀರು

ಮ್ಯಾನಿಟೋಬಾದ ಈ ತಗಡಿನ ಹ್ಯಾಂಗರಿನಲ್ಲಿ
ಉಪ್ಪುಕಾಗದ ಹಿಡಿದು ಹಾರುದೋಣಿಯ ಮೈ ಉಜ್ಜುತ್ತಿದ್ದೇನೆ.
ಮೊದಲು ಉದುರಿದ್ದು ಹಳದಿ,
ಕಾಡ್ಗಿಚ್ಚಿಗೆ ನೀರು ಹೊತ್ತ ಇಪ್ಪತ್ತಾರು ಬೇಸಿಗೆ.
ಅದರಡಿ ನೀಲಿ, ಮೀನಿನ ಕಂಪನಿಯದು;
ನೆಲಹಲಗೆ ಎತ್ತಿದರೆ ಈಗಲೂ ನಾತ.
ಇನ್ನೂ ಕೆಳಗೆ, ಮೋಡದಲ್ಲಿ ಕರಗಲೆಂದು
ಸೇನೆ ಬಳಿದ ಬಿಳಿ.
ಆಮೇಲೆ ಬರೀ ಲೋಹ. ಅದರ ಮೇಲೆ
ಯಾವಳೋ ಕೆಲಸದವಳ ಪೆನ್ಸಿಲ್ಲು:
"ಇಲ್ಲಿ ರಿವೆಟ್ ಬೇಡ."

ಲಾಗ್‌ಬುಕ್ಕು ಬಂದದ್ದು ಶೂ ಡಬ್ಬಿಯಲ್ಲಿ,
ನ್ಯಾವಿಗೇಟರನ ಮಗಳು ತಂದುಕೊಟ್ಟಳು.
ಐಸ್‌ಲ್ಯಾಂಡಿನಾಚೆಯ ಕಡಲು, ಹದಿನಾರು ತಾಸು, ಏನೂ ಕಾಣಲಿಲ್ಲ.
ಹದಿನೇಳೂವರೆ ತಾಸು, ಮಂಜು, ಏನೂ ಕಾಣಲಿಲ್ಲ.
ಹದಿನೈದು ತಾಸು, ಥರ್ಮಾಸ್ ಒಡೆಯಿತು,
ಏನೂ ಕಾಣಲಿಲ್ಲ.
ಇಡೀ ಯುದ್ಧದಲ್ಲಿ ಒಂದೇ ಒಂದು ಸಲ
ನೀರೊಳಗಿನ ಕಪ್ಪು ಬೆನ್ನಿನ ಮೇಲೆ ಸಿಡಿಗುಂಡು ಕೆಡವಿದರು.
ಮರುಸಾಲಿನಲ್ಲಿ, ಬೇರೆ ಶಾಯಿಯಲ್ಲಿ:
"ತಿಮಿಂಗಿಲ. ಕ್ಷಮೆಯಿರಲಿ."

ಫಲಕ ಬರೆಯಲು ಬಂದ ಲರಿಸ್ಸಾ ಬಾಬಿಯಕ್
ಪೆನ್ನು ತೆರೆದು ಕೇಳಿದಳು, "ಎಷ್ಟು ಮುಳುಗಿಸಿತು?"
ಇವಳ ನೆರಳಿನಲ್ಲಿ ಸಾಗಿದ ಹಡಗುಗಳೇನೋ ದಡ ಸೇರಿದವು.
ಆದರೆ ಮುಳುಗದೆ ಉಳಿದದ್ದನ್ನು
ಯಾರ ಖಾತೆಗೆ ಬರೆಯುವುದು?
ಅಂತೂ ಸಮಿತಿ ಬಿಳಿಯೇ ಇರಲಿ ಎಂದಿತು.
ಟಿಕೆಟ್ಟು ಕೊಂಡು ಜನ ನೋಡಬರುವುದು ಯುದ್ಧವನ್ನು.

ನಾನು ಇವಳಿಗೆ ಒಂಬತ್ತು ಬೇಸಿಗೆ ಮೆಕ್ಯಾನಿಕ್.
ಕೆರೆಗೆ ಹೊಟ್ಟೆ ಸವರಿ, ಹನ್ನೆರಡೇ ಸೆಕೆಂಡಿನಲ್ಲಿ
ಗಂಟಲುಮಟ್ಟ ತುಂಬಿಕೊಂಡು ಏಳುವಾಗ
ಒಂದೊಂದು ರಿವೆಟ್ಟೂ ನರಳುವುದು ಹಲ್ಲಿಗೆ ಕೇಳಿಸುತ್ತಿತ್ತು.
ಏಳು ಕೆರೆಯ ನೀರು ಕುಡಿದವಳು ಅನ್ನುತ್ತಾರಲ್ಲ,
ಇವಳು ಎಪ್ಪತ್ತು ಕುಡಿದು
ಒಂದು ಗುಟುಕನ್ನೂ ತನಗೆಂದು ಇಟ್ಟುಕೊಳ್ಳದವಳು.

ಈ ಜೂನಿನಲ್ಲಿ ಉತ್ತರದ ಕಾಡು ಹತ್ತಿಕೊಂಡಿತು.
ಸೂರ್ಯ ಒಂದು ತಾಮ್ರದ ಬಿಲ್ಲೆ.
ಬಸ್ಸು ಬಸ್ಸು ಜನ ಬಂದಿಳಿದರು,
ಶಾಲೆ ತುಂಬಿತು, ಹಾಕಿ ಅಂಗಳ ತುಂಬಿತು,
ನಮಗೂ ನಲವತ್ತು ಮಡಿಚುಮಂಚ ಕಳಿಸಿದರು.
ರೆಕ್ಕೆಯ ಕೆಳಗೆಲ್ಲ ಹಾಸಿಗೆ.
"ಮುಟ್ಟಬಾರದು" ಹಲಗೆಯ ಮೇಲೆ ಒದ್ದೆ ಟವಲು.
ಚಕ್ರಕ್ಕೆ ಒರಗಿ ಒಂದು ಮಗು
ಜಾಮ್ ಮೆತ್ತಿದ ಬ್ರೆಡ್ಡು ತಿನ್ನುತ್ತಿದೆ.

ಕ್ರೀ ಮುದುಕಿ ಫ್ಲೋರಾ ಮುಸ್ಕೇಗೊ
ಅರ್ಧ ಕೆರೆದ ಮೈಯನ್ನು ಬಹಳ ಹೊತ್ತು ನೋಡಿ,
ಬಾಲದ ಹತ್ತಿರ ಉಳಿದಿದ್ದ ಹಳದಿಗೆ ಬೆರಳು ತಾಕಿಸಿ ಅಂದಳು,
"ಇವಳನ್ನು ಬಲ್ಲೆ. ನಮ್ಮೂರ ಮೇಲೆ ನೀರು ಸುರಿದವಳು.
ನೀರಿನ ಜತೆ ಒಂದು ಮೀನೂ ಬಿತ್ತು, ಚರ್ಚಿನ ಮೆಟ್ಟಿಲ ಮೇಲೆ,
ಇನ್ನೂ ಒದ್ದಾಡುತ್ತಿತ್ತು."
"ಏನು ಮಾಡಿದಿರಿ?"
"ಹೊಳೆಗೆ ಬಿಟ್ಟೆವು. ಪಾಪ, ಅಷ್ಟು ದೂರದಿಂದ ಬಂದಿತ್ತು."
ಆಮೇಲೆ, ಬಾಗಿಲಿನತ್ತ ತಿರುಗಿ, "ಈಗ ಹಾರುತ್ತಾಳಾ?"

ಮೂಗು ಮೇಲೇಳದಿರಲೆಂದು
ನೀರಿನ ತೊಟ್ಟಿಗೆ ಕಾಂಕ್ರೀಟು ಸುರಿದದ್ದು ನಾನೇ.
ಹೇಳಿದೆ.
ಅವಳು ತಲೆಯಾಡಿಸಿ
ಮೊಮ್ಮಗಳ ಕೂದಲು ಬಾಚಲು ಕೂತಳು.

ರಾತ್ರಿ ನಲವತ್ತು ಉಸಿರು, ನಡುನಡುವೆ ಕೆಮ್ಮು.
ಉಪ್ಪುಕಾಗದದ ಸದ್ದು ಬೇಡವೆಂದು ಎತ್ತಿಟ್ಟೆ.
ಬಾಲದ ಹಳದಿಗೆ ಇನ್ನು ಕೈ ಹಾಕುವುದಿಲ್ಲ,
ಸಮಿತಿ ಬೇಕಾದರೆ ಬಂದು ಕೆರೆದುಕೊಳ್ಳಲಿ.
ಲಾಗ್‌ಬುಕ್ಕಿನ ಕೊನೆಯ ಹಾಳೆ ಖಾಲಿಯಿತ್ತು.
ಮಾಡಬಾರದ ಕೆಲಸ, ಆದರೂ ಪೆನ್ಸಿಲ್ಲಿನಲ್ಲಿ ಬರೆದೆ:
ಜೂನ್ ಹದಿನಾಲ್ಕು. ಹೊಗೆ.
ಬಾಗಿಲಿನಾಚೆ ಏನೂ ಕಾಣಲಿಲ್ಲ.
ಒಳಗೆ ನಲವತ್ತು ಜನ.
ತಾಸಿನ ಕಾಲಂ
ಹಾಗೇ ಬಿಟ್ಟೆ.