ಮೊಖೊಟ್ಲಾಂಗ್, ಐದನೇ ತರಗತಿ

ನಾಲ್ಕೂ ಕಡೆ ನೀರಿದ್ದರೆ ದ್ವೀಪ,
ಮೂರು ಕಡೆ ಇದ್ದರೆ ಪರ್ಯಾಯದ್ವೀಪ.
ಬರೆದುಕೊಂಡರು, ಸಮುದ್ರ ಕಾಣದ ಮಕ್ಕಳು.
ನಾನೂ ಕಂಡಿಲ್ಲ; ಹೇಳಲಿಲ್ಲ.

ಬೆಟ್ಟ ಅಂದಾಗ ಯಾರೂ ತಲೆ ಎತ್ತಲಿಲ್ಲ,
ಕಿಟಕಿ ತುಂಬ ಅದೇ.
ಕೊರಕಲು ಅಂದಾಗ ಕಿಸಕ್ಕನೆ ನಕ್ಕರು:
ಹೋದ ವಾರ ಹೆಡ್ಮೇಷ್ಟ್ರ ಕತ್ತೆ ಬಿದ್ದದ್ದು ಅದರಲ್ಲೇ.

ಕಂಬಳಿಯೊಳಗಿಂದ ಒಂದು ಕೈ. ತ್ಸೆಲಿಸೊ.
ನಸುಕಿಗೆ ಕುರಿ ಅಟ್ಟಿ ಬಂದವನು,
ಮೈಯೆಲ್ಲ ಉಣ್ಣೆಯ ಹಸಿ ವಾಸನೆ.
"ಟೀಚರ್, ನಾಲ್ಕೂ ಕಡೆ
ಇನ್ನೊಬ್ಬರ ದೇಶವೇ ಇದ್ದರೆ
ಅದಕ್ಕೇನಂತಾರೆ?"

ಲೆಸೊಥೊ, ಅಂದೆ.
"ಅದು ನಮ್ಮ ಹೆಸರು. ಪದ ಯಾವುದು?"
ಪುಟ ತಿರುವಿದೆ. ಜಲಸಂಧಿ, ಅಳಿವೆ, ಭೂಕಂಠ...
"ಹೋಗಲಿ, ಇನ್ನೊಂದು.
ಗಡಿಯಾಚೆ ಅಪ್ಪ ದಿನಾ ಇಳಿಯುವ ಗುಂಡಿ
ಈ ಬೆಟ್ಟ ಬೋರಲು ಹಾಕಿದಷ್ಟು ಆಳವಂತೆ.
ಕಣಿವೆಯಾ ಅದು?"

ಅಲ್ಲಪ್ಪಾ.
ಕಣಿವೆ ತೋಡುವುದು ನದಿ,
ಅದಕ್ಕೆ ಪಾಳಿಯಿಲ್ಲ, ಕೆಮ್ಮಿಲ್ಲ.

ಗಂಟೆ ಹೊಡೆಯಿತು. ತಿದ್ದಲು ತಂದ ಪುಸ್ತಕದಲ್ಲಿ
ಪ್ರಸ್ಥಭೂಮಿಯ ಕೆಳಗೊಂದು ಸಾಲು ಬಿಟ್ಟಿದ್ದಾನೆ,
ಅಂಚಿಗೆ ಪೆನ್ಸಿಲಿನಲ್ಲಿ
ಪುಟದಾಚೆ ಇಳಿದುಹೋಗುವ ಏಣಿ.
ಕೆಂಪು ಶಾಯಿ ಮುಟ್ಟಿಸಲಿಲ್ಲ.